ಅಂಕಿತ ಯಾರದು? : ಕಾವ್ಯಸೃಷ್ಟಿ ಹಾಗೂ ಸಾಧನೆಯ ದಾರಿಯನ್ನು ಕುರಿತು ಕೆಲವು ವಿಚಾರಗಳು

ಕವಿಯನ್ನು ಪ್ರಜಾಪತಿಗೆ ಸರಿಗಟ್ಟಿ ಕೊಂಡಾಡಿದವರು ನಮ್ಮ ಆಲಂಕಾರಿಕರು. ಇಲ್ಲದ ಲೋಕವೊಂದನ್ನು ಪ್ರತಿಭೆಯ ಬಲದಿಂದ ಉಂಟುಮಾಡುವ ಶಕ್ತಿ ಕವಿಗಿದೆಯೆಂದು ಅವರು ಬಗೆದರು. ಆದರೆ ಇದೇ ನಾಡಿನ ಸಾಧಕರು ಹೇಳಿದ ಮಾತೇ ಬೇರೆ. 'ನಾನು ಮಾಡಿದೆ' ಎಂಬ ಭಾವ ಅಳಿಯುವವರೆಗೆ ದಾರಿ ಸಾಗದೆಂಬುದು ಅವರೆಲ್ಲರ ಒಕ್ಕೊರಲಿನ ನುಡಿ. ಹೀಗಿರಲು ಒಬ್ಬನೇ ಮನುಷ್ಯನು ಕವಿಯೂ ಸಾಧಕನೂ ಆಗಿದ್ದರೆ ಅವನ ಗತಿಯೇನು? ಕಟ್ಟುವವನು ಅವನೊಳಗೆ ಒಬ್ಬ, ಕಟ್ಟಿದೆನೆಂಬ ಹಮ್ಮನ್ನು ಕಳಚಿಕೊಳ್ಳಬೇಕಾದವನು ಇನ್ನೊಬ್ಬ. ಇವರಿಬ್ಬರೂ ಒಂದೇ ಮನೆಯಲ್ಲಿ ಬಾಳುವುದೆಂತು? ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ತತ್ತ್ವದ ಎತ್ತರದಿಂದ ಇಳಿಸಿ, ನಮ್ಮ ಭೀಮೆಯ ಎರಡೂ ದಂಡೆಗಳಲ್ಲಿ ಹುಟ್ಟಿದ ಸಾಹಿತ್ಯದ ಬೆಳಕಿನಲ್ಲಿ ನೋಡಬಯಸುತ್ತೇವೆ.

ಇಂದು ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಒಂದು ರಾಜ್ಯದಲ್ಲಿಯೂ, ಇಂಡಿ, ವಿಜಯಪುರ ಇನ್ನೊಂದು ರಾಜ್ಯದಲ್ಲಿಯೂ ಇವೆ. 1956ರಲ್ಲಿ ಎಳೆದ ಈ ಗೆರೆ ಸಾಹಿತ್ಯಕ್ಕೆ ತಿಳಿಯದು. ಸೊನ್ನಲಿಗೆಯ ಸಿದ್ಧರಾಮ, ಪಂಢರಪುರಕ್ಕೆ ನಡೆದ ದಾಸರು, ಹಲಸಂಗಿಯ ಗೆಳೆಯರು, ಸೊಲ್ಲಾಪುರದ ಕಾಲೇಜಿನಲ್ಲಿ ಕಲಿಸಿದ ಬೇಂದ್ರೆಯವರು, ಇವರೆಲ್ಲ ಒಂದೇ ಸೀಮೆಯ ಗಾಳಿಯನ್ನುಂಡವರು. ಈ ಸೀಮೆಯಲ್ಲಿ ಕವಿತೆಯೂ ಸಾಧನೆಯೂ ಎಂಟುನೂರು ವರ್ಷಗಳಿಂದ ಕೈಹಿಡಿದು ನಡೆದಿವೆ, ಕೆಲವೊಮ್ಮೆ ಜಗಳಾಡಿಯೂ ನಡೆದಿವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡುವುದು ಲೇಸು. ಕಾವ್ಯಾನಂದವೂ ಬ್ರಹ್ಮಾನಂದವೂ ಒಂದೇ ಎಂದು ನಮ್ಮ ಸಭೆಗಳಲ್ಲಿ ಬಹಳ ಸಲೀಸಾಗಿ ಹೇಳುವ ರೂಢಿಯಿದೆ. ಶಾಸ್ತ್ರಕಾರರು ಇಷ್ಟು ಸಲೀಸಾಗಿ ಹೇಳಿದವರಲ್ಲ. ರಸಾಸ್ವಾದವು ಬ್ರಹ್ಮಾಸ್ವಾದಕ್ಕೆ ಸಹೋದರನೆಂದು ವಿಶ್ವನಾಥನು ಹೇಳಿದ್ದು ನಿಜ; ಆದರೆ ಸಹೋದರನೆಂದ ಮೇಲೆ ಇಬ್ಬರೆಂದೇ ಆಯಿತಲ್ಲವೆ? ಅವನಿಗಿಂತ ಬಹು ಹಿಂದಿನ ಅಭಿನವಗುಪ್ತನು ಯೋಗಿಯ ಅನುಭವವನ್ನೂ ಸಹೃದಯನ ಅನುಭವವನ್ನೂ ಬೇರೆ ಬೇರೆಯಾಗಿಯೇ ಎಣಿಸಿದನು. ಒಂದೇ ತಾಯಿಯ ಮಕ್ಕಳಾದರೂ ಅವರ ನಡೆ ಬೇರೆ, ಸೇರುವ ಮನೆ ಬೇರೆ. ಸಾಧಕನು ಕೊನೆಗೆ ಮೌನಕ್ಕೆ ಸಲ್ಲುವನು. ಕವಿಯಾದರೋ ಆ ಮೌನದ ಬಾಗಿಲಿನಿಂದ ಮಾತಿಗೆ ಹಿಂದಿರುಗಬೇಕಾದವನು. ಆದುದರಿಂದ ದೊಡ್ಡ ಸಾಧಕನಾದವನು ಒಳ್ಳೆಯ ಕವಿಯಾಗಲೇಬೇಕೆಂಬ ನಿಯಮವಿಲ್ಲ. ಒಳ್ಳೆಯ ಪದ ಬರೆದವನಿಗೆ ಸಿದ್ಧಿಯಾಗಿದೆಯೆಂದು ನಂಬಬೇಕಾದ ಕಾರಣವೂ ಇಲ್ಲ.

ಹಾಗಾದರೆ ಇವೆರಡೂ ಕೂಡುವ ಸ್ಥಳ ಯಾವುದು? ನಮ್ಮ ವಿಚಾರದಲ್ಲಿ ಅದು ಕವಿತೆಯ ಕೊನೆಯಲ್ಲಿ ಬರುವ ಅಂಕಿತ. ಇದನ್ನು ಕೇವಲ ಸಂಪ್ರದಾಯವೆಂದು ತಳ್ಳಿಬಿಡುವವರುಂಟು. ಆದರೆ ಕವಿಯೊಳಗಿನ 'ನಾನು' ಎಲ್ಲಿ ನಿಂತಿದ್ದಾನೆಂಬುದನ್ನು ಅಂಕಿತದಷ್ಟು ಸ್ಪಷ್ಟವಾಗಿ ತೋರಿಸುವ ಅಂಗ ಕಾವ್ಯದಲ್ಲಿ ಮತ್ತೊಂದಿಲ್ಲ.

ಸೊನ್ನಲಿಗೆಯ ಸಿದ್ಧರಾಮನಿಂದ ಆರಂಭಿಸೋಣ. 12ನೆಯ ಶತಮಾನದ ಈ ಮಹಾಪುರುಷನು ಮೊದಲಿಗೆ ಕಟ್ಟುವ ಕೈಯವನು. ಅವನು ಕೆರೆಯನ್ನು ತೋಡಿಸಿದನು, ಗುಡಿಯನ್ನು ಕಟ್ಟಿಸಿದನು. ಆ ಕೆರೆಯೂ ಅದರ ನಡುವಣ ಸಿದ್ಧೇಶ್ವರನ ಗುಡಿಯೂ ಸೊಲ್ಲಾಪುರದಲ್ಲಿ ಇಂದಿಗೂ ಇವೆ. ಸಂಕ್ರಾಂತಿಯ ಜಾತ್ರೆ ಪ್ರತಿವರ್ಷ ನೆರೆಯುತ್ತದೆ. ಜನಕ್ಕೆ ನೀರು ಕೊಡುವುದಕ್ಕಿಂತ ದೊಡ್ಡ ಸೃಷ್ಟಿ ಯಾವುದು? ಆದರೂ 'ಶೂನ್ಯಸಂಪಾದನೆ'ಯ ಕಥಾನಕದಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ ಬಂದವನೇ ಸಿದ್ಧರಾಮನನ್ನು ಒಡ್ಡನೆಂದು ಕರೆಯುತ್ತಾನೆ. ಕೆಲಸದಾಳುಗಳು ಕೆರಳಿ ಕಲ್ಲೆಸೆಯುತ್ತಾರೆ, ಸಿದ್ಧರಾಮನು ಕೋಪದಿಂದ ಬರುತ್ತಾನೆ, ವಾದ ನಡೆಯುತ್ತದೆ. ಕೊನೆಗೆ ಇಬ್ಬರೂ ಕಲ್ಯಾಣದತ್ತ ನಡೆಯುತ್ತಾರೆ.

ಈ ಪ್ರಸಂಗವನ್ನು ಕರ್ಮಕ್ಕಿಂತ ಜ್ಞಾನ ಹಿರಿದೆಂಬ ನೀತಿಯಾಗಿ ಪಾಠ ಹೇಳುವುದು ವಾಡಿಕೆ. ಹಾಗೆ ಹೇಳಿದರೆ ಅಲ್ಲಮನು ಕೆರೆಯ ವೈರಿಯೆಂದಾಗುವುದು. ಅಲ್ಲಮನು ತಟ್ಟಿದ್ದು ಕೆರೆಯ ಒಡ್ಡನ್ನಲ್ಲವೆಂದು ನಮಗೆ ತೋರುತ್ತದೆ. ಬೈಗುಳಕ್ಕೆ ಕೋಪ ಬಂದಿತಲ್ಲ, ಆ ಕೋಪವೇ ಅವನ ಗುರಿ. ಕೆರೆ ದೇವರದಾಗಿದ್ದರೆ, ಜನರದಾಗಿದ್ದರೆ, ಒಡ್ಡನೆಂಬ ಮಾತು ಯಾರಿಗೆ ತಾಕಿತು? ಕಟ್ಟಿದವನಿಗೆ ತಾಕಿತು. ಕೆರೆಯ ಮೇಲೆ ಕಾಣದ ಅಕ್ಷರಗಳಲ್ಲಿ ಕಟ್ಟಿದವನ ಹೆಸರಿತ್ತು. ಅಲ್ಲಮನು ಅದನ್ನು ಓದಿದನು. ಈ ಪ್ರಸಂಗದ ತಿರುಳು ಇದು. ಸೃಷ್ಟಿಯನ್ನು ಬಿಡೆಂದು ಸಾಧನೆಯ ದಾರಿ ಹೇಳುವುದಿಲ್ಲ, ಅದರ ಮೇಲಿನ ಹೆಸರನ್ನು ಅಳಿಸೆನ್ನುತ್ತದೆ.

ಅದೇ ಸಿದ್ಧರಾಮನು ವಚನಕಾರನಾದನು. ತ್ರಿಪದಿಯಲ್ಲಿ ಸ್ತೋತ್ರಗಳನ್ನೂ ಹಾಡಿದನು. ಅವನ ವಚನಗಳ ಕೊನೆಗೆ ಬರುವ ಹೆಸರು ಕಪಿಲಸಿದ್ಧಮಲ್ಲಿಕಾರ್ಜುನನದು. ಇಲ್ಲಿ ಒಂದು ಮಾತನ್ನು ನಿಧಾನವಾಗಿ ವಿಚಾರಿಸಬೇಕು. ಸಹಿಯೆಂಬುದು ಬರೆದವನ ಹೆಸರು. ವಚನದ ಅಂಕಿತವಾದರೋ ಬರೆದವನ ಹೆಸರಲ್ಲ. ಬಹುಮಟ್ಟಿಗೆ ಅದು ಯಾರನ್ನು ಕರೆದು ಆ ಮಾತು ಹೇಳಲಾಯಿತೋ ಅವನ ಹೆಸರು. ಕಾಗದದ ಕೆಳಗೆ ಕಳಿಸಿದವನ ಹೆಸರಿರುವ ಕಡೆಯಲ್ಲಿ ಮುಟ್ಟಬೇಕಾದವನ ವಿಳಾಸ ಬರೆದಂತೆ ಇದು. ಸಹಿಯ ಜಾಗದಲ್ಲಿ ವಿಳಾಸವನ್ನಿಟ್ಟದ್ದು ಕನ್ನಡದ ಶರಣರು ಕಾವ್ಯಕ್ಕೆ ಕೊಟ್ಟ ದೊಡ್ಡ ಕಾಣಿಕೆಗಳಲ್ಲೊಂದು. ಅದರಿಂದ ಕವಿ ಇಲ್ಲವಾಗಲಿಲ್ಲ. ಬಸವಣ್ಣನ ದನಿ ಬೇರೆ, ಅಕ್ಕನ ದನಿ ಬೇರೆ, ಸಿದ್ಧರಾಮನ ದನಿ ಬೇರೆಯೆಂದು ಕಿವಿಯುಳ್ಳ ಯಾರೂ ಗುರುತಿಸಬಲ್ಲರು. ಹೆಸರನ್ನು ಬಿಟ್ಟುಕೊಟ್ಟ ಮೇಲೆಯೂ ದನಿ ಉಳಿದುಕೊಂಡಿತು; ಅಹಂಕಾರವೂ ವ್ಯಕ್ತಿತ್ವವೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ದಾಸಸಾಹಿತ್ಯಕ್ಕೆ ಬಂದರೆ ಅಂಕಿತದ ವ್ಯವಸ್ಥೆ ಇನ್ನೂ ಬಿಗಿಯಾಯಿತು. ಅಲ್ಲಿ ಅಂಕಿತವನ್ನು ತಾನಾಗಿ ಇಟ್ಟುಕೊಳ್ಳುವಂತಿಲ್ಲ, ಗುರುವಿನಿಂದ ಪಡೆಯಬೇಕು. 'ಹರಿಕಥಾಮೃತಸಾರ'ವನ್ನು ರಚಿಸಿದ ಜಗನ್ನಾಥದಾಸರ (1728–1809) ವಿಷಯದಲ್ಲಿ ಸಂಪ್ರದಾಯವು ಹೇಳುವ ಕಥೆ ಎಲ್ಲರಿಗೂ ವಿದಿತವೇ ಆಗಿದೆ. ಮೊದಲು ಅವರು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಪದ ಹಾಡುವ ವಿಜಯದಾಸರನ್ನು ಕಡೆಗಣಿಸಿ, ಅವರ ಪಂಕ್ತಿಗೆ ಹೊಟ್ಟೆನೋವಿನ ನೆವ ಹೇಳಿ ಹೋಗದೆ, ಆಮೇಲೆ ನಿಜವಾದ ಹೊಟ್ಟೆನೋವಿಗೆ ತುತ್ತಾದರಂತೆ. ಗೋಪಾಲದಾಸರ ಕರುಣೆಯಿಂದ ಬದುಕಿ, ಪಂಢರಪುರದ ಚಂದ್ರಭಾಗೆಯಲ್ಲಿ ಮಿಂದೇಳುವಾಗ 'ಜಗನ್ನಾಥವಿಠಲ'ನೆಂಬ ಅಂಕಿತ ಕೆತ್ತಿದ ಶಿಲೆ ಅವರಿಗೆ ದೊರೆಯಿತಂತೆ. ಚಂದ್ರಭಾಗೆಯೆಂದರೆ ನಮ್ಮ ಭೀಮೆಯೇ. ಕಥೆಯ ನಿಜ ಹೇಗೆ ಇರಲಿ, ಅದರ ಕಟ್ಟು ಅರ್ಥವತ್ತಾಗಿದೆ. ಪಂಡಿತನಿಗೆ ಹೆಸರು ಮೊದಲೇ ಇತ್ತು. ಆ ಹೆಸರಿನಿಂದ ಕನ್ನಡ ಕಾವ್ಯ ಹುಟ್ಟಲಿಲ್ಲ. ಹೊಳೆಯಲ್ಲಿ ಸಿಕ್ಕ ಹೆಸರಿನಿಂದ ಹುಟ್ಟಿತು. ತಿರಸ್ಕರಿಸಿದ ಭಾಷೆಯಲ್ಲಿಯೇ ಹಾಡಬೇಕಾಗಿ ಬಂದುದು ಆ ಸಾಧನೆಯ ಮೊದಲ ಮೆಟ್ಟಿಲೆಂದು ನಾವು ತಿಳಿಯುತ್ತೇವೆ.

ಇನ್ನು ಅಂಕಿತವೇ ಇಲ್ಲದ ಹಾಡಿನ ಮಾತು. 1931ರಲ್ಲಿ 'ಗರತಿಯ ಹಾಡು' ಪ್ರಕಟವಾದಾಗ ಕನ್ನಡ ವಿದ್ವಾಂಸರು ಬೆರಗಾದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಹಲಸಂಗಿಯ ಗೆಳೆಯರು ಹೆಂಗಸರ ಬಾಯಿಂದ ಕೇಳಿ ಕೂಡಿಸಿದ ಸಂಪತ್ತು ಅದು. ಬೀಸುಕಲ್ಲಿನ ಮುಂದೆ ಹುಟ್ಟಿದ ಆ ತ್ರಿಪದಿಗಳಲ್ಲಿ ದೇವರ ನೆನಹೂ ಉಂಟು, ತವರಿನ ಹಂಬಲವೂ ಉಂಟು. ಹಾಡಿದಾಕೆಯ ಹೆಸರು ಮಾತ್ರ ಇಲ್ಲ. ಇದನ್ನು ಕಂಡು, ನಮ್ಮ ಗರತಿಯರು ಹೆಸರಿನ ಹಂಗನ್ನೇ ತೊರೆದ ಯೋಗಿನಿಯರೆಂದು ಬರೆಯುವವರಿದ್ದಾರೆ. ಮಾತು ಕೇಳಲು ಇಂಪಾಗಿದೆ, ಆದರೆ ಅದನ್ನು ಹಾಗೆಯೇ ಒಪ್ಪಲು ನಮ್ಮ ಮನಸ್ಸು ಒಡಂಬಡುವುದಿಲ್ಲ. ಇದೇ ಸೀಮೆಯ ಲಾವಣಿಗಳನ್ನು ನೋಡಿರಿ. ಊರಿನ ಹೆಸರು, ಗುರುವಿನ ಹೆಸರು, ಕವಿಯ ಹೆಸರು ಅವುಗಳ ಕೊನೆಯಲ್ಲಿ ಡಪ್ಪಿನ ಬಡಿತದೊಡನೆ ಸಾರಲ್ಪಡುವುವು. ಹಲಸಂಗಿಯಲ್ಲಿಯೇ ಆಗಿಹೋದ ಲಾವಣಿಕಾರ ಖಾಜಾಭಾಯಿಯ ಹೆಸರನ್ನು ಜನ ಮರೆತಿಲ್ಲ. ಗಂಡಸು ಬಯಲಿನಲ್ಲಿ ಹತ್ತು ಜನರೆದುರು ಹಾಡಿದನು, ಹೆಸರು ಉಳಿಯಿತು. ಹೆಂಗಸು ನಸುಕಿನಲ್ಲಿ ಕಲ್ಲಿನೆದುರು ಹಾಡಿದಳು, ಹೆಸರನ್ನು ಯಾರೂ ಕೇಳಲಿಲ್ಲ.

ಇರುವುದನ್ನು ಬಿಡುವುದು ತ್ಯಾಗ. ಕೊಡದೆ ಇದ್ದುದನ್ನು ತ್ಯಾಗವೆಂದು ಹೊಗಳಿದರೆ ಅದು ಹೊಗಳುವವನಿಗೆ ಅನುಕೂಲವಾದ ಮಾತಾಗುತ್ತದೆಯೇ ಹೊರತು ಹಾಡಿದಾಕೆಗೆ ಸಲ್ಲುವ ಗೌರವವಾಗುವುದಿಲ್ಲ. ಸಿದ್ಧರಾಮನು ಬಿಟ್ಟದ್ದು ಹೆಸರು. ಗರತಿಯು ಪಡೆಯದೆ ಹೋದದ್ದೂ ಹೆಸರು. ಈ ಭೇದವನ್ನು ವಿಮರ್ಶೆ ಮರೆಯಲಾಗದು. ಆದುದರಿಂದ ಜಾನಪದ ಸಂಗ್ರಹಕ್ಕೆ ಕೈಹಾಕುವ ನಮ್ಮ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ: ಹಾಡಿನೊಳಗೆ ಅಂಕಿತವಿಲ್ಲವೆಂದು ವಹಿಯಲ್ಲಿಯೂ ಬಿಡಬೇಡಿರಿ. ಹಾಡಿದವರು ಒಪ್ಪಿದರೆ ಅವರ ಹೆಸರು, ಊರು, ಹಾಡಿದ ದಿನ, ಯಾರಿಂದ ಕಲಿತರೆಂಬ ಮಾತು ಇಷ್ಟನ್ನಾದರೂ ಗುರುತುಹಾಕಬೇಕು. ಹಾಡು ಹೆಸರಿಲ್ಲದೆ ಇರಲಿ, ದಾಖಲೆ ಹಾಗಿರಬಾರದು.

ಈ ಹಾಡುಗಳನ್ನು ಕೇಳಿಸಿಕೊಂಡವರಲ್ಲಿ ಮಧುರಚೆನ್ನರು ಸ್ವತಃ ಸಾಧಕರು. ಊರಿನಲ್ಲಿ ಅವರು ಚೆನ್ನಮಲ್ಲಪ್ಪ ಗಲಗಲಿ. ಶ್ರೀ ಅರವಿಂದರ ದಾರಿಯನ್ನು ಹಿಡಿದ ಅವರು 1953ರ ಆಗಸ್ಟ್ 15ರಂದು, ಅಂದರೆ ಗುರುವಿನ ಹುಟ್ಟಿದ ದಿನದಂದೇ, ತೀರಿಕೊಂಡರು. ತಮ್ಮ ಹುಡುಕಾಟವನ್ನು ಅವರು 'ಪೂರ್ವರಂಗ', 'ಕಾಳರಾತ್ರಿ', 'ಬೆಳಗು' ಎಂಬ ಗದ್ಯಕೃತಿಗಳಲ್ಲಿ ತೋಡಿಕೊಂಡರು. ಕನ್ನಡದಲ್ಲಿ ಆಧ್ಯಾತ್ಮಿಕ ಆತ್ಮಕಥೆಯೆಂದೊಡನೆ ಮೊದಲು ನೆನಪಾಗುವ ಪುಸ್ತಕಗಳಿವು. 'ನನ್ನ ನಲ್ಲ'ವೆಂಬುದು ಅವರ ಪ್ರಸಿದ್ಧ ಕವಿತೆ. ವಿಮರ್ಶಕನು ಗಮನಿಸಬೇಕಾದ ವಿಷಯವೆಂದರೆ, ಒಬ್ಬನೇ ಸಾಧಕನು ಒಂದೇ ಅನುಭವಕ್ಕೆ ಎರಡು ಬಗೆಯ ಮಾತುಗಳನ್ನು ಆರಿಸಿಕೊಂಡದ್ದು.

ಗದ್ಯದಲ್ಲಿ 'ನಾನು' ಎದ್ದು ಕಾಣುತ್ತದೆ. ಅದು ಕಾಣಲೇಬೇಕು. ಸಂಶಯ, ಅಂಜಿಕೆ, ಕತ್ತಲೆ ಇವು ಯಾರದೆಂದು ಕೇಳಿದರೆ ಮನುಷ್ಯನು 'ನನ್ನವು' ಎನ್ನಬೇಕಾಗುವುದು. ಅವನ್ನು ದೇವರ ಲೆಕ್ಕಕ್ಕೆ ಬರೆದುಬಿಟ್ಟರೆ ಪ್ರಾಮಾಣಿಕತೆ ಉಳಿಯದು. ಪದ್ಯದಲ್ಲಿಯೋ 'ನಾನು' ಎಂಬುದು 'ನನ್ನ' ಎಂದಾಗಿ, ಆ 'ನನ್ನ' ಎಂಬುದು ಕೂಡ ನಲ್ಲನಿಗೆ ಅಂಟಿಕೊಂಡ ವಿಶೇಷಣವಾಗಿ ನಿಲ್ಲುತ್ತದೆ. ಹೆಸರೊಂದರಲ್ಲಿಯೇ ಕಾವ್ಯದ ನಡೆ ತಿಳಿಯುವಂತಿದೆ. ಕತ್ತಲೆಯನ್ನು ತನ್ನ ಹೆಸರಿನಲ್ಲಿಯೂ, ಒಲವನ್ನು ನಲ್ಲನ ಹೆಸರಿನಲ್ಲಿಯೂ ಬರೆಯುವ ಈ ವಿವೇಕ ಎಲ್ಲ ಸಾಧಕರಿಗೆ ಬಂದುದಲ್ಲ. ಮತ್ತೊಂದು ಸಂಗತಿ: ಮಧುರಚೆನ್ನರು ಹಾಡುವುದಕ್ಕೆ ಮುಂಚೆ ಕೇಳಿದವರು. ಓದು ಬಲ್ಲವರು ಓದು ಬಾರದ ಹೆಂಗಸರ ಮುಂದೆ ಕುಳಿತು, ಅವರ ಹಾಡನ್ನು ತಿದ್ದದೆ ಬರೆದುಕೊಳ್ಳುವುದು ಸಣ್ಣ ತಪಸ್ಸಲ್ಲ. ಪಂಢರಪುರದ ಕಥೆಯಲ್ಲಿ ಪಂಡಿತರಿಗೆ ನೋವು ಕಲಿಸಿದ ಪಾಠವನ್ನು ಹಲಸಂಗಿಯಲ್ಲಿ ಕೇಳ್ಮೆಯೇ ಕಲಿಸಿತು. ಸಾಧನೆಗೂ ಸೃಷ್ಟಿಗೂ ಸಮಾನವಾದ ಅಭ್ಯಾಸ ಒಂದುಂಟಾದರೆ ಅದು ಕೇಳ್ಮೆಯೇ ಎಂದು ನಾವು ಬಗೆಯುತ್ತೇವೆ.

ಮಧುರಚೆನ್ನರ ಗುರುಗಳಾದ ಅರವಿಂದರೂ ಕವಿತೆಯನ್ನು ಸಾಧನೆಯ ಬದಲಿಗೆ ಇಟ್ಟವರಲ್ಲ. ತಮ್ಮ 'ಸಾವಿತ್ರಿ' ಮಹಾಕಾವ್ಯವನ್ನು ಅವರು ಮತ್ತೆ ಮತ್ತೆ ತಿದ್ದಿದರು. ತಾವು ಮೇಲಿನ ನೆಲೆಯೊಂದನ್ನು ಮುಟ್ಟಿದಾಗಲೆಲ್ಲ ಆ ನೆಲೆಯಿಂದ ಕಾವ್ಯವನ್ನು ಹೊಸದಾಗಿ ಬರೆದರೆಂದು ಅವರೇ ತಮ್ಮ ಪತ್ರಗಳಲ್ಲಿ ತಿಳಿಸಿದ್ದಾರೆ. ಕವಿತೆಯು ಅವರಿಗೆ ಏಣಿಯಾಗಿತ್ತು. ದೇವರ ಪ್ರೇರಣೆಯಿಂದ ಬಂದ ಮಾತನ್ನು ತಿದ್ದಬಾರದೆಂದು ಹಟ ಹಿಡಿಯುವ ನಮ್ಮ ಅನೇಕ ಭಕ್ತಕವಿಗಳು ಇದನ್ನು ನೆನೆಯುವುದು ಒಳ್ಳೆಯದು. ತಿದ್ದಲೊಲ್ಲದ ಹಟವೂ ಅಹಂಕಾರದ ಇನ್ನೊಂದು ವೇಷವೇ ಸರಿ.

ಇದೇ ಸೀಮೆಯ ಇನ್ನೊಬ್ಬ ಹಿರಿಯರು ಪ್ರಾ. ರಾ. ದ. ರಾನಡೆಯವರು (1886–1957). ಜಮಖಂಡಿಯಲ್ಲಿ ಹುಟ್ಟಿ, ಜತ್ತ ತಾಲೂಕಿನ ಉಮದಿಯ ಭಾವುಸಾಹೇಬ ಮಹಾರಾಜರ ಶಿಷ್ಯರಾಗಿ, ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರ ಕಲಿಸಿ, ಕೊನೆಗೆ ಇಂಡಿಯ ಸಮೀಪದ ನಿಂಬಾಳದಲ್ಲಿ ನೆಲೆಸಿದವರು. ಕನ್ನಡ ಅನುಭಾವಿಗಳನ್ನು ಕುರಿತು ಇಂಗ್ಲಿಷಿನಲ್ಲಿ ಅವರು ಮಾಡಿದ ವಿವೇಚನೆ 1960ರಲ್ಲಿ, ಅವರ ಮರಣಾನಂತರ, ಗ್ರಂಥವಾಗಿ ಬಂದಿತು. ಕವಿಗಳ ಕಾಲಕ್ರಮವನ್ನು ಬದಿಗಿರಿಸಿ, ಸಾಧಕನು ಏರುವ ಮೆಟ್ಟಿಲುಗಳ ಕ್ರಮದಲ್ಲಿ ಪದಗಳನ್ನು ನೋಡುವುದು ಅವರ ಪದ್ಧತಿ. ಇದರಿಂದ ಆದ ಲಾಭ ದೊಡ್ಡದು. ಶರಣರನ್ನೂ ದಾಸರನ್ನೂ ಬೇರೆ ಬೇರೆ ಪಂಥದ ಗೋಡೆಗಳೊಳಗೆ ಕೂಡಿಹಾಕಿದ್ದ ಓದು ಸಡಿಲವಾಯಿತು; ಶಿವನ ಅಂಕಿತದ ಪದವೂ ವಿಠಲನ ಅಂಕಿತದ ಪದವೂ ಒಂದೇ ದಾರಿಯ ಕೈಮರಗಳಾಗಿ ಕಂಡವು. ಆದರೆ ಕೈಮರವನ್ನು ದಾರಿಹೋಕನು ಓದಿ ಮುಂದೆ ಸಾಗುತ್ತಾನೆ, ಅದರ ಕೆತ್ತನೆಯನ್ನು ನೋಡುತ್ತ ನಿಲ್ಲುವುದಿಲ್ಲ. ಒಂದು ಪದ ಯಾವ ನಡೆಯಲ್ಲಿ ಹರಿಯಿತು, ಯಾವ ಊರಿನ ಆಡುಮಾತಿನಿಂದ ಬೆಳೆಯಿತೆಂಬ ವಿಚಾರಕ್ಕೆ ಆ ಪದ್ಧತಿಯಲ್ಲಿ ಎಡೆ ಕಡಿಮೆ. ಅವರಿಗೆ ಬೇಕಾದುದು ಅನುಭವದ ಸಾಕ್ಷ್ಯ. ಅದನ್ನು ಅವರು ಪಡೆದರು. ಕಾವ್ಯದ ಓದನ್ನು ಪೂರ್ತಿ ಮಾಡುವ ಹೊಣೆ ಸಾಹಿತ್ಯದ ಉಪಾಧ್ಯಾಯರಾದ ನಮ್ಮದು.

ಕೊನೆಯದಾಗಿ ಬೇಂದ್ರೆಯವರ ವಿಷಯ. 1944ರಿಂದ 1956ರವರೆಗೆ ಅವರು ಸೊಲ್ಲಾಪುರದ ಡಿ. ಎ. ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅಚ್ಚಿನ ಪುಸ್ತಕ, ಗೌರವಧನ, ಪ್ರಶಸ್ತಿ, ಹಕ್ಕು ಎಂಬ ಹೊಸ ವ್ಯವಸ್ಥೆಯಲ್ಲಿ ದೇವರ ಅಂಕಿತಕ್ಕೆ ಸ್ಥಳವಿಲ್ಲ. ಮುಖಪುಟವು ಕವಿಯ ಹೆಸರನ್ನೇ ಬೇಡುತ್ತದೆ. ಅಲ್ಲಿ ಅವರು ಕಂಡುಕೊಂಡ ಹೆಸರು 'ಅಂಬಿಕಾತನಯದತ್ತ'. ಅದರಲ್ಲಿ ಅವರ ಸ್ವಂತ ಹೆಸರಾದ ದತ್ತಾತ್ರೇಯನೂ ಇದ್ದಾನೆ, ತಾಯಿಯೂ ಇದ್ದಾಳೆ, ಕೊಡಲ್ಪಟ್ಟವನೆಂಬ ಅರ್ಥವೂ ಇದೆ. ಕವಿತೆ ಬರೆಯುವವನು ಅಂಬಿಕಾತನಯದತ್ತ, ಅದನ್ನು ವಿವರಿಸುವವನು ಬೇಂದ್ರೆ ಎಂಬ ಭೇದವನ್ನು ಅವರು ಕಾಪಾಡಿಕೊಂಡರು. ಇದನ್ನು ವಿನೋದವೆಂದು ನಕ್ಕವರುಂಟು. ನಮಗಾದರೋ ಇದು ಹಳೆಯ ಅಂಕಿತಕ್ಕೂ ಹೊಸ ಸಹಿಗೂ ನಡುವೆ ಕಟ್ಟಿದ ಸೇತುವೆಯಾಗಿ ಕಾಣುತ್ತದೆ. ಕವಿತೆ ತನ್ನಿಂದ ಬಂದಿತೆನ್ನಲು ಮನಸ್ಸಿಲ್ಲ, ದೇವರು ಬರೆದನೆನ್ನಲು ಧೈರ್ಯ ಬೇಕಿಲ್ಲ. ತಾಯಿ ಕೊಟ್ಟಳೆನ್ನುವುದು ನಡುವಣ ನಿಜ. 'ನಾಕುತಂತಿ' (1964)ಯಲ್ಲಿ ನಾನು, ನೀನು, ಆನು, ತಾನು ಎಂಬ ನಾಲ್ಕು ತಂತಿಗಳನ್ನು ಮಿಡಿದಾಗಲೂ ಅವರು ಕೇಳುತ್ತಿದ್ದುದು ಇದೇ ಪ್ರಶ್ನೆಯನ್ನು: ಹಾಡುವವನು ಇವರಲ್ಲಿ ಯಾರು?

ಈ ಎಲ್ಲ ವಿವೇಚನೆಯಿಂದ ನಮ್ಮ ತರಗತಿಗಳಿಗೂ ನಮ್ಮ ಬರವಣಿಗೆಗೂ ಏನು ಪ್ರಯೋಜನವೆಂದು ಕೇಳಬಹುದು. ವಚನವನ್ನೋ ಕೀರ್ತನೆಯನ್ನೋ ಪಾಠ ಹೇಳುವಾಗ ಕವಿಯ ಕಾಲ, ಸ್ಥಳ, ಅಂಕಿತ ಎಂದು ಮೂರು ಟಿಪ್ಪಣಿಗಳನ್ನು ಬರೆಸಿ ಮುಗಿಸುತ್ತೇವೆ. ಪರೀಕ್ಷೆಗೆ ಅದು ಸಾಕು. ಆದರೆ ಅಂಕಿತವನ್ನು ತೆಗೆದು ಆ ಪದವನ್ನು ಒಮ್ಮೆ ಗಟ್ಟಿಯಾಗಿ ಓದಿಸಿರಿ, ಬಳಿಕ ಅಂಕಿತದೊಡನೆ ಓದಿಸಿರಿ. ಒಳ್ಳೆಯ ವಚನವು ಅಂಕಿತವಿಲ್ಲದೆ ಕುಂಟುತ್ತದೆ. ಯಾರಿಗೆ ಹೇಳಿದ ಮಾತೆಂಬುದೇ ಕಳೆದುಹೋಗಿ, ಮೊರೆಯಾಗಿದ್ದುದು ಉಪದೇಶವಾಗಿಬಿಡುತ್ತದೆ. ಇದನ್ನು ಮಕ್ಕಳು ಬೇಗ ಗುರುತಿಸುವರೆಂಬುದು ನಮ್ಮ ಅನುಭವ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ ಆಡುವ ಮಗುವಿಗೆ, ಯಾವ ಮಾತನ್ನು ಯಾರಿಗೆ ಆಡಬೇಕೆಂಬ ಎಚ್ಚರ ಹೇಳಿಕೊಡಬೇಕಾದುದಿಲ್ಲ.

ಇದೇ ಪರೀಕ್ಷೆಯನ್ನು ನಮ್ಮವರು ಇಂದು ಬರೆಯುತ್ತಿರುವ ಭಕ್ತಿಪದ್ಯಗಳಿಗೂ ಒಡ್ಡಬೇಕು. ಸ್ಮರಣ ಸಂಚಿಕೆಗಳಿಗೆ ಬರುವ ಅನೇಕ 'ಆಧುನಿಕ ವಚನ'ಗಳಲ್ಲಿ ಅಂಕಿತವನ್ನು ತೆಗೆದರೂ ಏನೂ ಕೆಡುವುದಿಲ್ಲ. ಸಾಲು ಮೊದಲಿನಷ್ಟೇ ನೆಟ್ಟಗೆ ನಿಂತಿರುತ್ತದೆ, ಮೊದಲಿನಷ್ಟೇ ಒಣಗಿರುತ್ತದೆ. ಅಂಥಲ್ಲಿ ಅಂಕಿತವು ಪದ್ಯ ಮುಗಿಯಿತೆಂಬ ಗುರುತು ಮಾತ್ರ. ದೇವರ ಹೆಸರನ್ನು ಕೆಳಗೆ ಬರೆದು, ಲೋಕಕ್ಕೆ ಬುದ್ಧಿ ಹೇಳುವ ಹಕ್ಕನ್ನು ಬರೆದವರೇ ಇಟ್ಟುಕೊಂಡಿರುತ್ತಾರೆ. ಇದನ್ನು ಹೇಳಿದರೆ ಬರೆದವರ ಭಕ್ತಿಯನ್ನು ಶಂಕಿಸಿದಂತಾಗುವುದೆಂದು ನಮ್ಮಲ್ಲಿ ಸಂಕೋಚ ಉಂಟು. ಭಕ್ತಿಯ ತೂಕ ಮಾಡುವ ತಕ್ಕಡಿ ವಿಮರ್ಶಕನ ಕೈಯಲ್ಲಿಲ್ಲ; ಮಾತಿನ ತೂಕ ಮಾಡುವುದು ಅವನ ಕೆಲಸ. ಆ ಕೆಲಸವನ್ನು ಬಿಟ್ಟರೆ ಗಡಿನಾಡಿನಲ್ಲಿ ಕನ್ನಡ ಉಳಿದಿದೆಯೆಂಬ ಸಮಾಧಾನಕ್ಕಾಗಿ ಬರೆದುದನ್ನೆಲ್ಲ ಕಾವ್ಯವೆನ್ನಬೇಕಾದ ದುಃಸ್ಥಿತಿ ಬರುವುದು. ಸಿದ್ಧರಾಮನ ಊರಿನವರು ನಾವು; ಸಮಾಧಾನದ ಕನ್ನಡ ನಮಗೆ ಸಾಲದು.

ಸೃಷ್ಟಿಯೂ ಸಾಧನೆಯೂ ಒಂದೇ ಎನ್ನುವವರ ಪಕ್ಷವೂ ನಮ್ಮದಲ್ಲ, ಅವು ಪರಸ್ಪರ ವೈರಿಗಳೆನ್ನುವವರ ಪಕ್ಷವೂ ನಮ್ಮದಲ್ಲ. ಸೊಲ್ಲಾಪುರದ ಕೆರೆಯಲ್ಲಿ ಅಲ್ಲಮನು ಬಂದು ಹೋದ ಮೇಲೆಯೂ ನೀರು ನಿಂತಿತೆಂಬುದನ್ನು ನಾವು ನೆನಪಿಡಬೇಕು. ಕಟ್ಟಿದ್ದು ಉಳಿಯಿತು, ಕಟ್ಟಿದವನು ಬದಲಾದನು. ಈ ಬದಲಾವಣೆಯ ಗುರುತನ್ನು ಕಾವ್ಯದ ಮಾತಿನಲ್ಲಿಯೇ ಹುಡುಕಬೇಕೆಂಬುದು ನಮ್ಮ ಮತ. ಭೀಮಾತೀರದ ತತ್ತ್ವಪದಗಳಲ್ಲಿ, ಭಜನೆಯ ಮೇಳಗಳು ಕನ್ನಡ ಮರಾಠಿಗಳೆರಡರಲ್ಲಿಯೂ ಹಾಡುವ ಪದಗಳಲ್ಲಿ ಅಂಕಿತಗಳು ಹೇಗೆ ಬಳಕೆಯಾಗಿವೆಯೆಂಬ ಶೋಧ ಇನ್ನೂ ವಿಸ್ತಾರವಾಗಿ ನಡೆಯಬೇಕಾಗಿದೆ. ಊರೂರಿನಲ್ಲಿರುವ ಶಿಕ್ಷಕರಿಗಲ್ಲದೆ ಬೇರೆಯವರಿಗೆ ಈ ಕೆಲಸ ಸಾಧ್ಯವಿಲ್ಲ. ವಿದ್ವಜ್ಜನರು ಇತ್ತ ಲಕ್ಷ್ಯ ಕೊಡಬೇಕೆಂದು ಬಿನ್ನವಿಸಿ ಈ ವಿಚಾರವನ್ನು ಇಲ್ಲಿಗೆ ನಿಲ್ಲಿಸುತ್ತೇವೆ.